ಕುದುರೆ ಎಣಿಸಿದ್ದು ಸಾಕು, ಕ್ಲಚ್ ಕಡೆ ನೋಡಿ

ನಮ್ಮ ಹಾಸ್ಟೆಲ್ ಬ್ಲಾಕಿನಲ್ಲಿ ಸ್ವಂತ ಕಾರು ಇರುವವರು ಒಬ್ಬರೂ ಇಲ್ಲ. ಬೈಕು ಇರುವವರೇ ಏಳೆಂಟು ಜನ, ಅದರಲ್ಲೂ ಎರಡು ಬೈಕು ಅಣ್ಣಂದಿರು ಓಡಿಸಿ ಬಿಟ್ಟಿದ್ದು. ಆದ್ರೂ ರಾತ್ರಿ ಊಟ ಆದ ಮೇಲೆ ಮೆಸ್ ಹಿಂದಿನ ಕಟ್ಟೆಯ ಮೇಲೆ ನಡೆಯೋ ಮಾತು ಕೇಳಿದ್ರೆ, ಪ್ರತಿಯೊಬ್ಬನ ಮನೆ ಮುಂದೂ ಒಂದೊಂದು ರ‍್ಯಾಲಿ ಕಾರು ನಿಂತಿದೆಯೇನೋ ಅನ್ನಿಸುತ್ತೆ.

2025ರ ಜನವರಿಯಲ್ಲಿ ಟೋಕಿಯೋ ಆಟೋ ಸಲೂನ್‌ನಲ್ಲಿ ಟೊಯೋಟಾದವರು 'ಜಿಆರ್ ಯಾರಿಸ್ ಎಂ ಕಾನ್ಸೆಪ್ಟ್' ಅಂತ ಒಂದು ಕಾರು ತೋರಿಸಿದರು. ನೋಡೋಕೆ ಪುಟ್ಟ ಹ್ಯಾಚ್‌ಬ್ಯಾಕ್. ಆದರೆ ಎಂಜಿನ್ ಬಾನೆಟ್ ಕೆಳಗಿಲ್ಲ, ಡ್ರೈವರ್ ಬೆನ್ನ ಹಿಂದಿದೆ. ಹೊಸ 2 ಲೀಟರ್, ನಾಲ್ಕು ಸಿಲಿಂಡರ್ ಟರ್ಬೋ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವ್. ಜಪಾನಿನ ಸೂಪರ್ ಟೈಕ್ಯೂ ರೇಸುಗಳಲ್ಲಿ ಓಡಿಸಿ ಪಳಗಿಸೋದು ಅವರ ಯೋಜನೆ. ಆ ಸುದ್ದಿ ಬಂದ ರಾತ್ರಿ ಕಟ್ಟೆ ಮೇಲೆ ಮೊದಲ ಪ್ರಶ್ನೆ ಏನು ಗೊತ್ತಾ? "ಎಷ್ಟು ಹಾರ್ಸ್‌ಪವರ್ ಅಂತೆ ಮಗಾ?" ಒಬ್ಬ ನಾನೂರು ಅಂದ, ಇನ್ನೊಬ್ಬ ಐನೂರು ಅಂದ. ಅಧಿಕೃತ ಸಂಖ್ಯೆಗೆ ಯಾರೂ ಕಾಯಲಿಲ್ಲ. ಇಂಥ ಕಾರಿನ ಎಂಜಿನ್ನನ್ನು ಹಿಂದಕ್ಕೆ ಯಾಕೆ ತಂದ್ರು ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಅದೇ ತಲೆಯಲ್ಲಿ ಕೊರೆಯೋಕೆ ಶುರುವಾಯ್ತು. ಹೊಸ ಕಾರಿಗೆ ಕಾಯೋದ್ರಲ್ಲಿ ತಪ್ಪೇನಿಲ್ಲ. ಕ್ರಿಕೆಟ್ ಸೀಸನ್‌ಗೆ ಕಾಯ್ತೀವಿ, ಸಿನಿಮಾ ಟ್ರೈಲರ್‌ಗೆ ಕಾಯ್ತೀವಿ, ಇದಕ್ಕೂ ಕಾಯೋಣ. ಆದರೆ ನಾವು ಎಂಜಿನಿಯರಿಂಗ್ ಓದೋರು. ಆಲ್ ವೀಲ್ ಡ್ರೈವ್ ಹಾಟ್ ಹ್ಯಾಚ್ ಅನ್ನೋದರ ಜೀವ ಹಾರ್ಸ್‌ಪವರ್‌ನಲ್ಲಿಲ್ಲ. ಆ ಶಕ್ತಿ ಯಾವ ಚಕ್ರಕ್ಕೆ, ಯಾವಾಗ, ಎಷ್ಟು ಹೋಗುತ್ತೆ ಅನ್ನೋದರಲ್ಲಿದೆ. ಅದನ್ನ ಬಿಟ್ಟು ಬರೀ ಕುದುರೆ ಎಣಿಸ್ತಾ ಕೂತ್ರೆ, ನಾಲ್ಕು ವರ್ಷ ಓದಿದ್ದಕ್ಕೂ ಓದದೇ ಇದ್ದಿದ್ದಕ್ಕೂ ಏನು ವ್ಯತ್ಯಾಸ?

ಇದು ನನಗೆ ಅರ್ಥ ಆಗಿದ್ದು ಕ್ಲಾಸಿನಲ್ಲಲ್ಲ, ಕಾಲೇಜಿನ ವರ್ಕ್‌ಶಾಪ್‌ನಲ್ಲಿ. ಸೆಕೆಂಡ್ ಇಯರ್‌ನಲ್ಲಿ ನಾನು ಬಾಹಾ ಟೀಮಿಗೆ ಸೇರಿಕೊಂಡೆ. ನಮ್ಮ ಬಗ್ಗಿಗೆ ಗೂಡ್ಸ್ ಆಟೋದ ಗೇರ್‌ಬಾಕ್ಸ್ ಹಾಕಿದ್ವಿ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗಿ ಗಾಡಿ ನಿಲ್ಲಬಾರದು ಅಂತ ಸೀನಿಯರ್ ಅಣ್ಣಂದಿರು ಒಳಗಿನ ಡಿಫರೆನ್ಷಿಯಲ್‌ಗೆ ವೆಲ್ಡ್ ಹೊಡೆಸಿಬಿಟ್ಟಿದ್ದರು. ಎರಡೂ ಹಿಂದಿನ ಚಕ್ರ ಒಂದೇ ವೇಗದಲ್ಲಿ ತಿರುಗಬೇಕು, ಅಷ್ಟೇ. ಕೆಸರಿನಲ್ಲಿ ಗಾಡಿ ಚೆನ್ನಾಗಿ ಎಳೀತು. ಮೊದಲ ಗಟ್ಟಿ ನೆಲದ ತಿರುವು ಬಂತು ನೋಡಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೂ ಗಾಡಿ ಮಾತ್ರ ನೆಟ್ಟಗೆ ಹೋಗಿ ಟೈರುಗಳ ಸಾಲಿಗೆ ಮೂತಿ ಕೊಡ್ತು. ಓಡಿಸ್ತಿದ್ದವನು ನಾನೇ. ಟೈ ರಾಡ್ ಬಾಗಿತ್ತು, ಎರಡು ದಿನದ ಕೆಲಸ ಹೋಯ್ತು. ಎಂಜಿನ್ ಹತ್ತೇ ಹಾರ್ಸ್‌ಪವರ್‌ದು. ಅಷ್ಟು ಕಡಿಮೆ ಶಕ್ತಿಯನ್ನೂ ನೆಟ್ಟಗೆ ಹಂಚೋಕೆ ನಮಗೆ ಬರಲಿಲ್ಲ.

ಈಗ ಅದೇ ಲೆಕ್ಕವನ್ನ ದೊಡ್ಡ ಕಾರಿಗೆ ಹಾಕೋಣ. ಜಪಾನಿನಲ್ಲಿ ಮಾರಿದ ಮೊದಲ ಜಿಆರ್ ಯಾರಿಸ್‌ಗೆ 370 ನ್ಯೂಟನ್ ಮೀಟರ್ ಟಾರ್ಕ್, ತೂಕ 1280 ಕೆಜಿ. ಮೊದಲ ಗೇರ್ ಮತ್ತು ಫೈನಲ್ ಡ್ರೈವ್ ಸೇರಿ ಟಾರ್ಕ್ 14 ಪಟ್ಟು ಆಗುತ್ತೆ ಅಂದ್ಕೊಳ್ಳಿ. ಚಕ್ರಗಳ ಹತ್ತಿರ ಸುಮಾರು 5200 ನ್ಯೂಟನ್ ಮೀಟರ್. ಟೈರಿನ ತ್ರಿಜ್ಯ 0.32 ಮೀಟರ್ ಅಂತ ಇಟ್ಟರೆ ನೆಲದ ಮೇಲೆ ಬೀಳೋ ತಳ್ಳುಬಲ 16,000 ನ್ಯೂಟನ್ ದಾಟುತ್ತೆ. ಇಡೀ ಕಾರಿನ ತೂಕವೇ ಸುಮಾರು 12,500 ನ್ಯೂಟನ್! ಒಣ ಡಾಂಬರಿನಲ್ಲಿ ಘರ್ಷಣಾಂಕ 1 ಅಂತ ಹಿಡಿದರೂ, ತೂಕದ 60 ಭಾಗ ಹೊತ್ತ ಮುಂದಿನ ಎರಡು ಚಕ್ರ ಹೆಚ್ಚೆಂದರೆ 7,500 ನ್ಯೂಟನ್ ಇಳಿಸಬಲ್ಲವು. ಮಿಕ್ಕಿದ್ದೆಲ್ಲ ಟೈರಿನ ಹೊಗೆ. ಆಕ್ಸಿಲರೇಟರ್ ಒತ್ತಿದಾಗ ತೂಕ ಹಿಂದಕ್ಕೆ ಸರಿಯೋದರಿಂದ ಈ 7,500 ಕೂಡ ಉಳಿಯಲ್ಲ.

ಇದು ನೆಟ್ಟಗಿನ ರಸ್ತೆಯ ಮಾತು. ತಿರುವಿನಲ್ಲಿ ಕಥೆ ಇನ್ನೂ ಬಿಗಿ. ಫ್ರಿಕ್ಷನ್ ಸರ್ಕಲ್ ನೆನಪಿದೆಯಲ್ಲ? ಒಂದು ಟೈರಿಗೆ ಇರೋ ಹಿಡಿತ ಒಂದು ಅಳತೆಯಷ್ಟೇ. ಅದನ್ನ ಕಾರು ಎಳೆಯೋಕೆ ಖರ್ಚು ಮಾಡಿದ್ರೆ ತಿರುಗಿಸೋಕೆ ಉಳಿಯಲ್ಲ. ಮುಂದಿನ ಚಕ್ರಗಳಿಗೇ ಎಳೆಯೋದು, ತಿರುಗಿಸೋದು ಎರಡನ್ನೂ ಹೊರಿಸಿದ್ರೆ ನಮ್ಮ ಬಗ್ಗಿಯ ಥರ ಮೂತಿ ನೆಟ್ಟಗೆ ಹೋಗುತ್ತೆ, ಕಾರಣ ಮಾತ್ರ ಬೇರೆ. ಅದಕ್ಕೇ ಹಿಂದಿನ ಚಕ್ರಗಳೂ ದುಡೀಬೇಕು. ಹಾಗಾದ್ರೆ ಎಷ್ಟು ದುಡೀಬೇಕು? ಅಲ್ಲಿಂದ ನಿಜವಾದ ಎಂಜಿನಿಯರಿಂಗ್ ಶುರು.

ಈ ಜಾತಿಯ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಿನವು ಎಂಜಿನ್ ಅಡ್ಡಡ್ಡ ಕೂತ ಮುಂಚಕ್ರದ ಕಾರುಗಳಿಂದಲೇ ಹುಟ್ಟಿದವು. ಗೇರ್‌ಬಾಕ್ಸ್‌ನಿಂದ ಒಂದು ಉದ್ದನೆ ಶಾಫ್ಟ್ ಹಿಂದಕ್ಕೆ ಹೋಗುತ್ತೆ. ಹಿಂದಿನ ಡಿಫರೆನ್ಷಿಯಲ್‌ಗೆ ಮುಂಚೆ ಒಂದು ಮಲ್ಟಿ ಪ್ಲೇಟ್ ಕ್ಲಚ್ ಇರುತ್ತೆ. ಅದನ್ನ ಕಂಪ್ಯೂಟರ್ ಒತ್ತಿದಷ್ಟು ಟಾರ್ಕ್ ಹಿಂದಕ್ಕೆ. ಕೇಳೋಕೆ ಸುಲಭ. ಆದರೆ ಕ್ಲಚ್ಚಿನಲ್ಲಿ ಟಾರ್ಕ್ ಹರಿಯೋದು ಜೋರಾಗಿ ತಿರುಗೋ ಕಡೆಯಿಂದ ನಿಧಾನವಾಗಿ ತಿರುಗೋ ಕಡೆಗೆ. ಎರಡೂ ಆಕ್ಸಲ್ ಒಂದೇ ವೇಗದಲ್ಲಿದ್ದರೆ, ಕ್ಲಚ್ ಎಷ್ಟೇ ಬಿಗಿಯಾಗಿ ಒತ್ತಿದರೂ ಹಿಂದಕ್ಕೆ ಹೆಚ್ಚಿನ ಪಾಲು ಕಳಿಸೋಕಾಗಲ್ಲ. ಅದಕ್ಕೆ ಏನು ಮಾಡ್ತಾರೆ ಗೊತ್ತಾ? ಹಿಂದಿನ ಕಡೆಯ ಗೇರಿಂಗನ್ನ ಮುಂದಿನದಕ್ಕಿಂತ ಒಂಚೂರು ವೇಗ ಇಡ್ತಾರೆ. ಶಾಫ್ಟ್ ಕಡೆ ಯಾವಾಗಲೂ ಸ್ವಲ್ಪ ಮುಂದೆ ಓಡ್ತಿರುತ್ತೆ, ಕ್ಲಚ್ ಒತ್ತಿದ ಕೂಡಲೇ ಹಿಂದಿನ ಚಕ್ರಗಳನ್ನ ತಳ್ಳುತ್ತೆ. ಇದರ ಬೆಲೆ ಏನಪ್ಪಾ ಅಂದ್ರೆ ಶಾಖ. ಸದಾ ಜಾರುವ ಕ್ಲಚ್ ಬಿಸಿಯಾಗುತ್ತೆ, ಬಿಸಿಯಾದ ಕ್ಲಚ್ಚನ್ನ ಉಳಿಸಿಕೊಳ್ಳೋದೇ ಒಂದು ದೊಡ್ಡ ಕೆಲಸ.

ಜಿಆರ್ ಯಾರಿಸ್ 2020ರ ಜನವರಿಯಲ್ಲಿ ಬಂದಾಗ ಅದರಲ್ಲಿ ಇದ್ದಿದ್ದು ಇದೇ. ನಾರ್ಮಲ್ ಮೋಡ್‌ನಲ್ಲಿ ಮುಂದೆ 60, ಹಿಂದೆ 40. ಸ್ಪೋರ್ಟ್‌ನಲ್ಲಿ 30:70. ಟ್ರ್ಯಾಕ್‌ನಲ್ಲಿ 50:50. ಸಾಮಾನ್ಯ ಯಾರಿಸ್‌ನ ಮುಂಭಾಗಕ್ಕೆ, ಕೊರೊಲ್ಲಾ ವರ್ಗದ ಕಾರಿನ ಪ್ಲಾಟ್‌ಫಾರ್ಮ್‌ನ ಹಿಂಭಾಗ ಜೋಡಿಸಿದರು. ಹಿಂದೆ ಡಿಫರೆನ್ಷಿಯಲ್‌ಗೂ ಡಬಲ್ ವಿಶ್‌ಬೋನ್ ಸಸ್ಪೆನ್ಷನ್‌ಗೂ ಜಾಗ ಬೇಕಲ್ಲ. ಬಾಗಿಲು ಐದರಿಂದ ಮೂರಕ್ಕೆ ಇಳೀತು, ಚಾವಣಿ ಕಾರ್ಬನ್ ಫೈಬರ್ ಬೆರೆತ ಪ್ಲಾಸ್ಟಿಕ್‌ದಾಯ್ತು. ಮೊಟೊಮಾಚಿ ಕಾರ್ಖಾನೆಯಲ್ಲಿ ಇದಕ್ಕೇ ಅಂತ ಒಂದು ಪ್ರತ್ಯೇಕ ವಿಭಾಗ ಕಟ್ಟಿದರು. ಒಂದು ಸಣ್ಣ ಕಾರಿಗೆ ಇಷ್ಟೆಲ್ಲ ಖರ್ಚು ಮಾಡೋಕೆ ಯಾವ ಲೆಕ್ಕಪತ್ರ ವಿಭಾಗ ಒಪ್ಪುತ್ತೆ?

ಒಪ್ಪಿದ್ದಕ್ಕೆ ಕಾರಣ ರ‍್ಯಾಲಿ. 1980ರಲ್ಲಿ ಆಡಿ ಕ್ವಾಟ್ರೋ ಬಂದ ಮೇಲೆ ನಾಲ್ಕು ಚಕ್ರದ ಡ್ರೈವ್ ಇಲ್ಲದೆ ವಿಶ್ವ ರ‍್ಯಾಲಿ ಗೆಲ್ಲೋದು ಕಷ್ಟ ಅಂತ ಎಲ್ಲರಿಗೂ ಗೊತ್ತಾಯ್ತು. 1987ರಿಂದ ಗ್ರೂಪ್ ಎ ನಿಯಮ ಮೇಲಕ್ಕೆ ಬಂತು. ರ‍್ಯಾಲಿಗೆ ಇಳಿಸೋ ಕಾರನ್ನ ಮೊದಲು 5000 ತಯಾರಿಸಬೇಕಿತ್ತು. ಲಾನ್ಸಿಯಾದವರು ಡೆಲ್ಟಾ ಅನ್ನೋ ಮನೆಮಂದಿ ಹ್ಯಾಚ್‌ಬ್ಯಾಕನ್ನೇ ನಾಲ್ಕು ಚಕ್ರಕ್ಕೆ ಒಗ್ಗಿಸಿ 1987ರಿಂದ 1992ರ ತನಕ ಸತತ ಆರು ಸಲ ತಯಾರಕರ ಪಟ್ಟ ಹೊತ್ತರು. ಅಂಗಡಿಯಲ್ಲಿ ಮಾರೋ ಕಾರು, ಕಾಡಿನಲ್ಲಿ ಗೆಲ್ಲೋ ಕಾರು ಎರಡಕ್ಕೂ ಹೊಕ್ಕುಳಬಳ್ಳಿ ಒಂದೇ. ನಾವು ಇವತ್ತಿಗೂ ಇಂಥ ಕಾರಿಗೆ ಕಾಯೋ ರೂಢಿ ಹುಟ್ಟಿದ್ದು ಅಲ್ಲೇ.

ಜಿಆರ್ ಯಾರಿಸ್ ಕೂಡ ವಿಶ್ವ ರ‍್ಯಾಲಿ ಕಾರಿಗೆ ತಳಹದಿಯಾಗಲಿ ಅಂತ ಮಾಡಿದ್ದು. ಆದರೆ 2020ರಲ್ಲಿ ಕೊರೊನಾ ಬಂತು. 2021ಕ್ಕೆ ಅಂತ ತಯಾರಾಗ್ತಿದ್ದ ರ‍್ಯಾಲಿ ಕಾರನ್ನ ಕೈಬಿಟ್ಟರು. 2022ಕ್ಕೆ ನಿಯಮಗಳೇ ಬದಲಾಗಿ, ಹೊಸ ರ‍್ಯಾಲಿ ಕಾರು ಕೊಳವೆಗಳ ಚೌಕಟ್ಟಿನ ಮೇಲೆ ನಿಂತಿತು. ಹೆಸರು ಜಿಆರ್ ಯಾರಿಸ್, ಒಳಗೆ ಬೇರೆಯೇ ಕಾರು. ಅಂದ್ರೆ ಯಾವ ರೇಸ್ ಕಾರಿಗಾಗಿ ಈ ರಸ್ತೆ ಕಾರು ಹುಟ್ಟಿತೋ ಆ ರೇಸ್ ಕಾರು ಒಂದು ರ‍್ಯಾಲಿಯನ್ನೂ ಓಡಲಿಲ್ಲ. ಆದರೂ ರಸ್ತೆ ಕಾರು ನಿಲ್ಲಲಿಲ್ಲ. ಗೆಲ್ಲೋಕೆ ಅಂತ ಮಾಡಿದ ಕೆಲಸ ಗೆಲ್ಲೋ ಅವಕಾಶ ತಪ್ಪಿದ ಮೇಲೂ ಒಳ್ಳೆ ಕೆಲಸವಾಗೇ ಉಳೀತು. ಫೈನಲ್ ಇಯರ್ ಪ್ರಾಜೆಕ್ಟ್ ಸ್ಪರ್ಧೆಗೆ ಹೋಗದೆ ಮೂಲೆ ಸೇರಿದವರು ಇದನ್ನ ಇನ್ನೊಂದು ಸಲ ಓದಿಕೊಳ್ಳಿ.

2024ರಲ್ಲಿ ಅದೇ ಕಾರು ಸುಧಾರಣೆಯಾಗಿ ಬಂತು. ನಮ್ಮ ಕಟ್ಟೆಯಲ್ಲಿ ಸುದ್ದಿ ಏನು? "272 ಇದ್ದಿದ್ದು 304 ಆಯ್ತಂತೆ!" ನಿಜ, ಜಪಾನಿನ ಮಾದರಿಯಲ್ಲಿ ಆಯ್ತು. ಆದರೆ ಟ್ರ್ಯಾಕ್ ಮೋಡ್‌ನಲ್ಲಿ 50:50 ಅನ್ನೋ ಗಟ್ಟಿ ಹಂಚಿಕೆ ಹೋಗಿ, 60:40ರಿಂದ 30:70ರ ನಡುವೆ ಪರಿಸ್ಥಿತಿ ನೋಡಿ ಬದಲಾಗೋ ಹಂಚಿಕೆ ಬಂದಿದ್ದನ್ನ ಯಾರೂ ಹೇಳಲಿಲ್ಲ. ಬ್ರೇಕ್ ಹಾಕುವಾಗ, ತಿರುಗುವಾಗ, ತಿರುವಿನಿಂದ ಹೊರಗೆ ಬರುವಾಗ ಕಾರಿಗೆ ಬೇಕಾದ ಪಾಲು ಒಂದೇ ಅಲ್ಲ ಅಂತ ಟ್ರ್ಯಾಕಿನಲ್ಲಿ ಕಲಿತು ಬರೆದ ಪಾಠ ಅದು. ನನ್ನ ಪ್ರಕಾರ 32 ಕುದುರೆಗಿಂತ ದೊಡ್ಡ ಸುದ್ದಿ ಅದೇ. ಎಂ ಕಾನ್ಸೆಪ್ಟ್‌ನಲ್ಲಿ ಎಂಜಿನ್ ಹಿಂದಕ್ಕೆ ಹೋಗಿದ್ದೂ ಇದೇ ದಾರಿಯ ಮುಂದಿನ ಹೆಜ್ಜೆ. ಕ್ಲಚ್ಚಿನಿಂದ ಟಾರ್ಕ್ ಸರಿಸಬಹುದು, ಮುಂದಿನ ಟೈರುಗಳ ಮೇಲೆ ಕೂತ ಎಂಜಿನ್ ತೂಕವನ್ನ ಸರಿಸೋಕಾಗಲ್ಲ. ಅದನ್ನ ಸರಿಸಬೇಕಾದ್ರೆ ಎಂಜಿನ್ನನ್ನೇ ಎತ್ತಿ ಬೇರೆ ಕಡೆ ಇಡಬೇಕು.

ಕಾಯೋದಕ್ಕೆ ಇನ್ನೊಂದು ಮುಖವೂ ಇದೆ. ಫೋರ್ಡ್ ಫೋಕಸ್ ಆರ್‌ಎಸ್ ನೆನಪಿರಬಹುದು. 2015ರಲ್ಲಿ ತೋರಿಸಿದ ಆ ಕಾರಿನಲ್ಲಿ 2.3 ಲೀಟರ್ ಎಂಜಿನ್, 350 ಪಿಎಸ್. ಅದರ ಡ್ರಿಫ್ಟ್ ಮೋಡ್ ವೀಡಿಯೋ ನೋಡದವರಿಲ್ಲ. ಆದರೆ ಅದು ಹೇಗೆ ಸಾಧ್ಯ ಆಯ್ತು? ಹಿಂದೆ ಮಾಮೂಲಿ ಡಿಫರೆನ್ಷಿಯಲ್ಲೇ ಇರಲಿಲ್ಲ. ಎಡಕ್ಕೊಂದು, ಬಲಕ್ಕೊಂದು ಕ್ಲಚ್. ಟಾರ್ಕಿನ 70 ಭಾಗದ ತನಕ ಹಿಂದಕ್ಕೆ, ಅಷ್ಟನ್ನೂ ಬೇಕಾದರೆ ಒಂದೇ ಚಕ್ರಕ್ಕೆ. ತಿರುವಿನಲ್ಲಿ ಹೊರಗಿನ ಚಕ್ರವನ್ನ ಜೋರಾಗಿ ತಳ್ಳಿದರೆ ಕಾರು ತಾನೇ ಒಳಕ್ಕೆ ತಿರುಗುತ್ತೆ. ದೋಣಿಯಲ್ಲಿ ಒಂದೇ ಕಡೆ ಹುಟ್ಟು ಹಾಕಿದ ಹಾಗೆ. 2018ಕ್ಕೆ ಅದರ ತಯಾರಿಕೆ ನಿಂತಿತು. ಮುಂದಿನ ಆರ್‌ಎಸ್‌ಗೆ ಎರಡು ವರ್ಷ ಕಾದವರಿಗೆ 2020ರಲ್ಲಿ ಉತ್ತರ ಬಂತು: ಬರಲ್ಲ. ಯೂರೋಪಿನ ಹೊಗೆ ನಿಯಮಗಳ ಕೆಳಗೆ ಅಂಥ ಕಾರಿನ ಖರ್ಚು ಹುಟ್ಟಲ್ಲ ಅಂತ ಕಂಪನಿ ಕೈಚೆಲ್ಲಿತು.

ಕಾದ ಕಾರು ಬರಲೇ ಇಲ್ಲ ಅಂದ್ರೆ ಬರೀ ಹಾರ್ಸ್‌ಪವರ್‌ಗೆ ಕಾದವನ ಕೈಯಲ್ಲಿ ಏನೂ ಉಳಿಯಲ್ಲ. ಎರಡು ಕ್ಲಚ್ಚಿನ ಆಕ್ಸಲ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಂಡವನಿಗೆ ಒಂದು ವಿದ್ಯೆ ಉಳಿಯುತ್ತೆ. ಇಂಡಿಯಾಕ್ಕೆ 2021ರಲ್ಲಿ ಬಂದ ಮರ್ಸಿಡಿಸ್ ಎಎಂಜಿ ಎ45 ಎಸ್ ಬಿಡಿಸಿ ನೋಡಿ, ಹಿಂದಿನ ಆಕ್ಸಲ್‌ನಲ್ಲಿ ಅದೇ ಎರಡು ಕ್ಲಚ್ಚಿನ ತತ್ವ. ಕಂಪನಿ ಬೇರೆ, ಬ್ಯಾಡ್ಜ್ ಬೇರೆ, ಪಾಠ ಒಂದೇ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಯಾರೋ ಕೇಳ್ತೀರಿ: "ಗುರು, ಆ ಎ45 ಎಸ್ ಬಂದಾಗ ಎಕ್ಸ್ ಶೋರೂಮ್ 79.50 ಲಕ್ಷ. ನಮ್ಮ ಪ್ಲೇಸ್‌ಮೆಂಟ್ ಪ್ಯಾಕೇಜ್ ನೋಡಿದ್ಯಾ?" ನೋಡಿದ್ದೀನಿ. ನನ್ನದೂ ಅದೇ ಪ್ಯಾಕೇಜು. 2025ರಲ್ಲಿ ಗಾಲ್ಫ್ ಜಿಟಿಐ ಬಂತು, ಅದು ಮುಂಚಕ್ರದ್ದೇ, ಅದಕ್ಕೂ ಸುಮಾರು 53 ಲಕ್ಷ. ಇಲ್ಲೇ ತಯಾರಾದ ಹಾಟ್ ಹ್ಯಾಚ್‌ಗಳ ಪಟ್ಟಿ ಮಾಡಿ: ಅಬಾರ್ಥ್ ಪುಂಟೋ, ಬಲೆನೋ ಆರ್‌ಎಸ್, ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್. ಎಲ್ಲವೂ ಮುಂಚಕ್ರದ ಕಾರುಗಳೇ. ಇದಕ್ಕೆ ರಸ್ತೆಯನ್ನೋ ಜನರನ್ನೋ ಬೈದು ಪ್ರಯೋಜನ ಇಲ್ಲ, ತೆರಿಗೆ ಕೋಷ್ಟಕ ನೋಡಿ. 4 ಮೀಟರ್ ಒಳಗೆ ಇದ್ದು ಪೆಟ್ರೋಲ್ ಎಂಜಿನ್ 1200 ಸಿಸಿ ದಾಟದಿದ್ದರೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಶೇ. 18. ದಾಟಿದರೆ ಶೇ. 40. ಜಿಆರ್ ಯಾರಿಸ್‌ನ ಉದ್ದ 3995 ಮಿಲಿಮೀಟರ್, ನಮ್ಮ ಕಾಯ್ದೆ ನೋಡಿಯೇ ಅಳತೆ ತಗೊಂಡ ಹಾಗಿದೆ! ಆದರೆ ಎಂಜಿನ್ 1618 ಸಿಸಿ. ಉದ್ದದಲ್ಲಿ ಪಾಸು, ಸಿಸಿಯಲ್ಲಿ ಫೇಲು. ಮೇಲೆ ಆಮದು ಸುಂಕ ಬೇರೆ.

ಆದ್ದರಿಂದ ಕೊಳ್ಳೋ ಮಾತು ಬಿಡಿ. ಕೊಳ್ಳೋಕಾಗದ ಕಾರಿಗೆ ಕಾಯೋದು ಹುಚ್ಚು ಅಂತ ನಮ್ಮಪ್ಪ ಹೇಳ್ತಾರೆ, ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕೊಳ್ಳೋನ ಥರ ಕಾದರೆ ಹುಚ್ಚೇ. ಮಾಡೋನ ಥರ ಕಾದರೆ ಅದು ಓದು.

ಇನ್ನೊಂದು ಪ್ರಶ್ನೆ ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನ ಗೆಳೆಯರದ್ದು: ಎಲ್ಲ ಇವಿ ಆಗ್ತಿರುವಾಗ ಈ ಕ್ಲಚ್ ಪುರಾಣ ಯಾಕೆ? ಸರಿ, ಹ್ಯುಂಡೈ ಐಯಾನಿಕ್ 5 ಎನ್ ತಗೊಳ್ಳಿ. ಮುಂದೊಂದು ಮೋಟರ್, ಹಿಂದೊಂದು ಮೋಟರ್, ನಡುವೆ ಶಾಫ್ಟ್ ಇಲ್ಲ. ಆದರೂ ಒಳಗೆ ಮುಂದೆ ಹಿಂದೆ ಟಾರ್ಕ್ ಎಷ್ಟೆಷ್ಟು ಅಂತ ಹನ್ನೊಂದು ಹಂತದಲ್ಲಿ ಆರಿಸಿಕೊಳ್ಳೋ ವ್ಯವಸ್ಥೆ ಇಟ್ಟಿದ್ದಾರೆ. ಕ್ಲಚ್ ಹೋಯ್ತು, ಪ್ರಶ್ನೆ ಹೋಗಲಿಲ್ಲ. ಟೈರಿನ ಹಿಡಿತದ ವೃತ್ತ ಮೋಟರ್ ಯಾವುದು ಅಂತ ಕೇಳಲ್ಲ. ಪೆಟ್ರೋಲ್ ಕಾರಿನಲ್ಲಿ ಈ ಲೆಕ್ಕ ಕಲಿತವನು ಇವಿಯ ಕಂಟ್ರೋಲ್ ಕೋಡ್ ಬರೆಯೋಕೆ ಕೂತ್ರೆ ಅಡ್ಡಿ ಏನಿಲ್ಲ, ಅನುಕೂಲವೇ.

ಈ ವಿದ್ಯೆ ಟೋಕಿಯೋದಲ್ಲಿ ಮಾತ್ರ ಇದೆ ಅಂತಲೂ ಅಲ್ಲ. ಬೆಂಗಳೂರು ಮೈಸೂರು ದಾರಿಯಲ್ಲಿ ಬಿಡದಿ ದಾಟುವಾಗ ಟೊಯೋಟಾ ಕಾರ್ಖಾನೆ ಸಿಗುತ್ತಲ್ಲ, ಅಲ್ಲಿ ತಯಾರಾಗೋ ಅರ್ಬನ್ ಕ್ರೂಸರ್ ಹೈರೈಡರ್‌ಗೆ ಆಲ್ ವೀಲ್ ಡ್ರೈವ್ ಮಾದರಿ ಇದೆ. ಶಕ್ತಿಯಲ್ಲಿ ಜಿಆರ್ ಯಾರಿಸ್ ಹತ್ತಿರಕ್ಕೂ ಬರಲ್ಲ. ಆದರೆ ಕೆಳಗೆ ಬಗ್ಗಿ ನೋಡಿದ್ರೆ ಅದೇ ಕುಟುಂಬ: ಮುಂದೆ ಅಡ್ಡ ಎಂಜಿನ್, ಉದ್ದನೆ ಶಾಫ್ಟ್, ಹಿಂದಿನ ಆಕ್ಸಲ್ ಹತ್ತಿರ ಕಂಪ್ಯೂಟರ್ ಒತ್ತೋ ಕಪ್ಲಿಂಗ್. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನೋಡೋಕೆ ಹೋಗಿ ಧೂಳು ಕುಡಿದವರು ನಮ್ಮಲ್ಲೇ ಎಷ್ಟು ಜನ ಇಲ್ಲ? ಹೋದಾಗ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಸರ್ವಿಸ್ ಪಾರ್ಕಿನಲ್ಲಿ ಕಾರಿನ ಕೆಳಗೆ ಮಲಗಿರೋ ಮೆಕ್ಯಾನಿಕ್ ಅಣ್ಣನ ಪಕ್ಕ ಹತ್ತು ನಿಮಿಷ ಕೂತ್ಕೊಂಡು, ಡಿಫ್ ಯಾವುದಣ್ಣ, ಯಾಕೆ ಅದೇ ಹಾಕಿದ್ರಿ ಅಂತಲೂ ಕೇಳಿ.

ಇದನ್ನೆಲ್ಲ ಬರೀತಿರೋ ನನ್ನ ಪರಿಸ್ಥಿತಿ ಹೇಳಿಬಿಡ್ತೀನಿ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗೋರಲ್ಲಿ ನಾನೂ ಒಬ್ಬ. ಆಫರ್ ಲೆಟರ್ ಬಂದಿದೆ, ಮನೆಯಲ್ಲಿ ಖುಷಿ ಇದೆ, ಬ್ಯಾಂಕಿನ ಎಜುಕೇಶನ್ ಲೋನ್ ಇದೆ. ಬೇಡ ಅನ್ನೋ ಧೈರ್ಯ ನನಗಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ. ಆದರೆ ಕಾರಿನ ಬಗ್ಗೆ ನನ್ನಲ್ಲಿ ಉಳಿಯೋದು ಬರೀ ಸಂಖ್ಯೆಗಳಾಗಿದ್ರೆ ಎರಡು ವರ್ಷದಲ್ಲಿ ಹೊಸ ಸಂಖ್ಯೆ ಬಂದು ಅವೂ ಹಳಸ್ತವೆ. ಆ ಕ್ಲಚ್ ಯಾಕೆ ಬಿಸಿಯಾಗುತ್ತೆ ಅನ್ನೋದು ಗೊತ್ತಿದ್ರೆ, ಮುಂದೊಂದು ದಿನ ದಾರಿ ಬದಲಿಸಬೇಕು ಅನ್ನಿಸಿದಾಗ ವಾಪಸ್ ಬರೋಕೆ ಒಂದು ಬಾಗಿಲಾದ್ರೂ ತೆರೆದಿರುತ್ತೆ.

ಅದಕ್ಕೆ ನಮ್ಮ ಕಟ್ಟೆಗೆ ಒಂದು ಸಣ್ಣ ನಿಯಮ ಸೂಚಿಸ್ತೀನಿ. ಮುಂದಿನ ಆಲ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್ ಸುದ್ದಿ ಬಂದ ರಾತ್ರಿ, ಅದು ಎಂ ಕಾನ್ಸೆಪ್ಟ್‌ನ ಮುಂದಿನ ರೂಪ ಆಗಿರಲಿ, ಬೇರೆ ಕಂಪನಿಯದ್ದಾಗಿರಲಿ, ಮೊದಲ ಅರ್ಧ ಗಂಟೆ ಹಾರ್ಸ್‌ಪವರ್ ಹೇಳಿದವನು ಎಲ್ಲರಿಗೂ ಟೀ ಕೊಡಿಸಬೇಕು. ಆ ಅರ್ಧ ಗಂಟೆ ಮೂರೇ ಪ್ರಶ್ನೆ: ತೂಕ ಎಷ್ಟು, ಅದು ಎಲ್ಲಿ ಕೂತಿದೆ? ಟಾರ್ಕನ್ನ ಹಿಂದಕ್ಕೆ ಕಳಿಸೋದು ಯಾವುದು? ಅದು ಬಿಸಿಯಾದಾಗ ಏನಾಗುತ್ತೆ? ಆಮೇಲೆ ಬೇಕಾದಷ್ಟು ಕುದುರೆ ಎಣಿಸೋಣ, ನಾನೇ ಮೊದಲು ಎಣಿಸ್ತೀನಿ.

ಅಷ್ಟರ ತನಕ ಸುಮ್ಮನೆ ಕೂರೋ ಅಗತ್ಯವೂ ಇಲ್ಲ. ಈ ಸಲದ ಬಗ್ಗಿಗೆ ಗೇರ್‌ಬಾಕ್ಸ್ ಬಂದು ವರ್ಕ್‌ಶಾಪ್ ಬೆಂಚಿನ ಮೇಲೆ ಕೂತಿದೆ. ಡಿಫರೆನ್ಷಿಯಲ್ ವೆಲ್ಡ್ ಹೊಡೀಬೇಕಾ ಬೇಡ್ವಾ ಅಂತ ಜೂನಿಯರ್‌ಗಳ ನಡುವೆ ಜಗಳ ನಡೀತಿದೆ. ಶನಿವಾರ ಮಧ್ಯಾಹ್ನ ನಾನೂ ಅಲ್ಲೇ ಇರ್ತೀನಿ. ಬಾಗಿದ ಆ ಟೈ ರಾಡ್ ಇನ್ನೂ ಬಿಸಾಕಿಲ್ಲ, ಬಂದವರಿಗೆ ತೋರಿಸ್ತೀನಿ.